ಬೇಲಿಯಾಚೆಯ ಕಲಗಚ್ಚು

ಸಿಂಕಿನ ಕೆಳಗಿನ ಬಕೆಟ್ಟಿನ ವಿಷಯಕ್ಕೆ ಅತ್ತೆ ಸೊಸೆಗೆ ಮತ್ತೆ ಜಗಳವಾಯಿತು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ತರಕಾರಿ ಸಿಪ್ಪೆ, ತಟ್ಟೆಯಲ್ಲಿ ಮಿಕ್ಕ ಅನ್ನ, ಎಲ್ಲವೂ ಅದರೊಳಗೆ ಹೋಗುತ್ತಿತ್ತು. ಜವರಮ್ಮ ಅದಕ್ಕೊಂದು ಹಿಡಿ ಉಪ್ಪು ಹಾಕಿ, ಕೋಲಿನಲ್ಲಿ ತಿರುವಿ, ಹುಳಿಯಲು ಬಿಡುತ್ತಿದ್ದಳು.

“ಅತ್ತೆ, ಅಡುಗೆಮನೆಗೆ ಬಂದ್ರೆ ಮೂಗು ಮುಚ್ಕೊಬೇಕು. ನನ್ನ ಯೂನಿಫಾರ್ಮಿಗೂ ಇದೇ ವಾಸನೆ ಹತ್ತಿದೆ. ನರ್ಸಿಂಗ್ ಹೋಮಲ್ಲಿ ಮುದುಕಿಯರು ಕೇಳ್ತಾರೆ, ಏನಿದು ಹುಳಿಹುಳಿ ಅಂತ.”

“ಹಸ ಕಟ್ಟೋ ಮನೇಲಿ ಕಲಗಚ್ಚು ನಾರ್ದೆ ಮಲ್ಲಿಗೆ ನಾರ್ತದಾ?”

“ಈ ಹಸುಗಳು ಕಲಗಚ್ಚು ಕುಡಿಯಲ್ಲ. ಅವಕ್ಕೆ ಲಾರೀಲಿ ಮೇವು ಬರುತ್ತೆ. ನೀವು ಬಂದಾಗಿಂದ ಹೇಳ್ತಾನೇ ಇದೀನಿ.”

“ಕುಡಿಯೋವು ಕುಡೀತವೆ, ಬುಡು.”

ಯಾವುವು ಕುಡಿಯುತ್ತವೆ ಎಂದು ವಸುಧಾ ಕೇಳಲಿಲ್ಲ. ಬೆಳಗಿನ ಪಾಳಿ ಮುಗಿಸಿ ಪೆಟಲೂಮಾ ಪಟ್ಟಣದಿಂದ ಅಷ್ಟು ದೂರ ಕಾರು ಓಡಿಸಿಕೊಂಡು ಬಂದಿದ್ದಳು. ಸಾರಿಗೆ ಒಗ್ಗರಣೆ ಬಿದ್ದಿರಲಿಲ್ಲ, ಗಂಡ ಬರುವ ಹೊತ್ತಾಗಿತ್ತು. ಬಕೆಟ್ಟನ್ನು ಕಾಲಿನಿಂದ ಒಳಕ್ಕೆ ತಳ್ಳಿ ಬಾಗಿಲು ಹಾಕಿದಳು.

ಅವರ ಮನೆಯಿದ್ದದ್ದು ನ್ಯಾಷನಲ್ ಪಾರ್ಕಿನೊಳಗೆ. ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಬಹುದೂರ ಹೋದ ಮೇಲೆ, ಸಮುದ್ರದೊಳಕ್ಕೆ ಚಾಚಿಕೊಂಡ ಬೋಳು ಗುಡ್ಡಗಳ ಮೇಲೆ ಮ್ಯಾನಿ ಎಂಬ ಪೋರ್ಚುಗೀಸ್ ಮುದುಕನ ಡೈರಿ. ಕೊಟ್ಟಿಗೆ ಅವನ ತಾತ ಕಟ್ಟಿದ್ದು. ಸುಮಾರು ಇಪ್ಪತ್ತು ವರ್ಷದ ಹಿಂದೆ ಸರ್ಕಾರ ಆ ಗುಡ್ಡಗಳನ್ನೆಲ್ಲ ಕೊಂಡು ಪಾರ್ಕು ಮಾಡಿತು. ಜಮೀನು ಬಿಟ್ಟುಕೊಟ್ಟವರಿಗೆ, ಹಸು ಸಾಕಿಕೊಂಡು ಸದ್ಯಕ್ಕೆ ಇಲ್ಲೇ ಇರಿ ಎಂದು ಪರ್ಮಿಟ್ಟು ಬರೆದುಕೊಟ್ಟಿತು. ಮ್ಯಾನಿಯ ಪರ್ಮಿಟ್ಟು ಈ ವರ್ಷ, ೧೯೮೬ರ ಅಕ್ಟೋಬರಿಗೆ ಮುಗಿಯುತ್ತಿತ್ತು. ಹೊಸದು ಸಿಕ್ಕರೆ ಡೈರಿ ಉಳಿಯುತ್ತದೆ. ಸಿಗದಿದ್ದರೆ ಹಸುಗಳು ಹೋಗುತ್ತವೆ, ಕೊಟ್ಟಿಗೆ ಕೆಡವುತ್ತಾರೆ, ಕೆಲಸದ ಜೊತೆಗೆ ಬಂದ ಈ ಮನೆಯನ್ನೂ ಕೆಡವುತ್ತಾರೆ. ದೇವರಾಜು ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದಲ್ಲಿ ಓದಿ, ಇಲ್ಲಿನ ಡೇವಿಸ್ ಯೂನಿವರ್ಸಿಟಿಯಲ್ಲಿ ಇನ್ನೊಂದು ಡಿಗ್ರಿ ಮಾಡಿ, ಹನ್ನೊಂದು ವರ್ಷದಿಂದ ಇಲ್ಲಿ ಹಸುಗಳ ಉಸ್ತುವಾರಿ ನೋಡುತ್ತಿದ್ದ. ಮ್ಯಾನಿಗೆ ಮಕ್ಕಳಿಲ್ಲ, ಮೊಣಕಾಲಿನಲ್ಲಿ ಶಕ್ತಿಯಿಲ್ಲ. ಡೈರಿ ಎಂದರೆ ದೇವರಾಜುವೇ ಎನ್ನುವಂತಾಗಿತ್ತು.

ದೇವರಾಜು ಬಂದು ಕೈಕಾಲು ತೊಳೆದು ಕೂತ. ಮಗಳು ಊರ್ಮಿಳಾ ತಟ್ಟೆಯ ಮುಂದೆ ಕೂತಿದ್ದಳೇ ಹೊರತು ತಿನ್ನುತ್ತಿರಲಿಲ್ಲ. ಹೈಸ್ಕೂಲಿನ ಹುಡುಗಿ, ಮಾತಾಡುವುದೆಲ್ಲ ಇಂಗ್ಲಿಷು, ನಡುವೆ ಅಷ್ಟಿಷ್ಟು ಕನ್ನಡ. ಶನಿವಾರ ಪಾರ್ಕಿನವರ ಜೊತೆ ಎಲ್ಕ್ ಎಣಿಸಲು ಹೋಗುತ್ತಿದ್ದಳು. ಎಲ್ಕ್ ಅಂದರೆ ದೊಡ್ಡ ಜಾತಿಯ ಜಿಂಕೆ. ಒಂದು ಕಾಲಕ್ಕೆ ಈ ಗುಡ್ಡಗಳ ತುಂಬ ಇದ್ದು, ಬೇಟೆಗೆ ನಿರ್ನಾಮವಾಗಿ, ಈಚೆಗೆ ಪಾರ್ಕಿನವರು ಬೇರೆ ಕಡೆಯಿಂದ ಒಂದಿಷ್ಟನ್ನು ತಂದು ಮ್ಯಾನಿಯ ಹುಲ್ಲುಗಾವಲಿನ ಆಚೆ ಬೇಲಿ ಹಾಕಿ ಬಿಟ್ಟಿದ್ದರು. ಅವು ಎಪ್ಪತ್ತರ ಹತ್ತಿರಕ್ಕೆ ಬೆಳೆದಿದ್ದವು.

“ಟೂ ಮೋರ್ ಡೆಡ್, ಅಪ್ಪ. ಮರಿಗಳು. ಬರೀ ಸ್ಕಿನ್ನು, ಬೋನ್ಸು.”

“ಈ ವರ್ಷ ಹುಲ್ಲು ಒಣಗಿದೆ.”

“ಹುಲ್ಲಲ್ಲ. ಏನೋ ಕಾಯಿಲೆ ಅಂತಾಳೆ ಕ್ಯಾರೊಲ್. ಲ್ಯಾಬಿಗೆ ಕಳಿಸಿದಾಳೆ.” ಕ್ಯಾರೊಲ್ ಪಾರ್ಕಿನ ವಿಜ್ಞಾನಿ.

“ಮ್ಯಾನಿ ಮುಂದೆ ಇದನ್ನೆಲ್ಲ ಮಾತಾಡ್ಬೇಡ.”

“ವೈ ನಾಟ್?”

“ಪರ್ಮಿಟ್ಟು ಬರೋವರೆಗೆ ಮಾತಾಡ್ಬೇಡ ಅಂದ್ರೆ ಮಾತಾಡ್ಬೇಡ,” ಎಂದಳು ವಸುಧಾ. “ಪರ್ಮಿಟ್ಟು ಹೋದ್ರೆ ನಿಮ್ಮ ಅರವಿಂದ ಮಾಮನ ಅಪಾರ್ಟ್‌ಮೆಂಟೇ ಗತಿ. ಸ್ಯಾನ್ ಹೊಸೆಲಿ ಎರಡು ರೂಮು, ಅವರೇ ನಾಲ್ಕು ಜನ. ನಿಮ್ಮಪ್ಪ ಅಲ್ಲಿ ಯಾವ ಹಸು ಮೇಯಿಸ್ತಾರೆ, ಫ್ರೀವೇ ಮೇಲೆ?”

ಜವರಮ್ಮ ಮಗನ ತಟ್ಟೆಗೆ ಇನ್ನೊಂದು ಸೌಟು ಸಾರು ಬಿಟ್ಟಳು. “ಕಡವೆ ಸಾಯ್ತಾವ? ಅಯ್ಯೋ, ಬಾಯಿಲ್ದವು,” ಎಂದಳು. ಎಲ್ಕನ್ನು ಅವಳು ಕಡವೆ ಎನ್ನುತ್ತಿದ್ದಳು. ಹೆಗ್ಗಡದೇವನಕೋಟೆ ಕಡೆ ಕಾಡಂಚಿನ ಊರಿನವಳು, ಮೂರು ವರ್ಷದ ಹಿಂದೆ ಮಗನ ಮನೆಗೆ ಬಂದವಳು. ಕಡವೆಯನ್ನು ಹೊಲದಲ್ಲಿ ಬೈದು ಓಡಿಸಿ, ಬೇಸಿಗೆಯಲ್ಲಿ ಅವಕ್ಕೇ ನೀರಿಟ್ಟು ಬೆಳೆದವಳು.

*

ಸೆಪ್ಟೆಂಬರಿನಲ್ಲಿ ಒಂದು ಹಸು ಸವೆಯತೊಡಗಿತು. ಮೇಯುವುದು ಕಡಿಮೆಯಾಗಿರಲಿಲ್ಲ, ಆದರೂ ಪಕ್ಕೆಲುಬು ಎದ್ದವು, ಹಿಂಗಾಲುಗಳ ಮೇಲೆ ಸಗಣಿ ನೀರಾಗಿ ಇಳಿಯಿತು. ದೇವರಾಜುಗೆ ನೋಡಿದ ಕೂಡಲೇ ತಿಳಿಯಿತು. ಕರುಳಿಗೆ ಹತ್ತುವ ರೋಗ. ಮೆಲುಕು ಹಾಕುವ ಪ್ರಾಣಿಗಳಿಗೆ ಬರುವಂಥದ್ದು. ಕರುವಾಗಿದ್ದಾಗ ಸಗಣಿಯಿಂದಲೋ ಹಾಲಿನಿಂದಲೋ ಅಂಟಿ, ವರ್ಷಗಟ್ಟಲೆ ಒಳಗೇ ಇದ್ದು, ಒಂದು ದಿನ ತಿಂದದ್ದು ಮೈಗೆ ಹತ್ತದಂತೆ ಮಾಡಿ ಕೊಲ್ಲುತ್ತದೆ. ಔಷಧಿಯಿಲ್ಲ. ಹಿಂದೆ ಇನ್ನೆರಡು ಹಸುಗಳು ಹೀಗೇ ಹೋಗಿದ್ದವು.

“ಟೆಸ್ಟಿಗೆ ಕಳಿಸೋಣ ಮ್ಯಾನಿ,” ಎಂದ ದೇವರಾಜು.

ಮ್ಯಾನಿ ಬೇಲಿಗೆ ಒರಗಿ ಹಸುವನ್ನು ಬಹಳ ಹೊತ್ತು ನೋಡಿದ. “ಕಳಿಸು. ಉತ್ತರ ಬರುವ ಹೊತ್ತಿಗೆ ಸರಿಯಾಗಿ ಪರ್ಮಿಟ್ಟಿನ ಸಭೆ. ಆ ಜಿಂಕೆಯ ಹೆಂಗಸು ಕಾಗದವನ್ನು ಎತ್ತಿ ತೋರಿಸುತ್ತಾಳೆ. ರಾಜ್, ನನಗೆ ಎಪ್ಪತ್ತಾರು. ನಾನು ಎಲ್ಲಿ ಬೇಕಾದರೂ ಸಾಯಬಹುದು. ನಿನ್ನ ಮನೆಯಲ್ಲಿ ಮೂರು ಹೆಂಗಸರಿದ್ದಾರೆ.”

ಮಾರನೇ ಬೆಳಿಗ್ಗೆ ಹರಾಜಿನ ಲಾರಿ ಬಂದು ಹಸುವನ್ನು ಒಯ್ದಿತು. ಅಲ್ಲಿಂದ ನೇರ ಕಸಾಯಿಖಾನೆಗೆ. ರಾತ್ರಿ ಊಟಕ್ಕೆ ಕೂತಾಗ ವಸುಧಾ ಕೇಳಿದಳು.

“ಹೋಯ್ತಾ?”

“ಹೋಯ್ತು.”

“ಒಳ್ಳೇದಾಯ್ತು ಬಿಡಿ.”

“ಏನೊಳ್ಳೇದು? ಇನ್ನೆಷ್ಟಕ್ಕೆ ಅಂಟಿದೆಯೋ.”

“ರೀ, ಅಕ್ಟೋಬರು ಮುಗೀಲಿ. ಆಮೇಲೆ ಎಷ್ಟು ಬೇಕಾದ್ರೂ ಟೆಸ್ಟು ಮಾಡ್ಸಿ.”

ಜವರಮ್ಮನಿಗೆ ಹಸು ಹೋದದ್ದಕ್ಕಿಂತ ಹೆಚ್ಚಾಗಿ ಅದರ ಹಾಲಿನ ನಷ್ಟ ಕಾಡಿತು. ಕಾಯಿಲೆ ಬಿದ್ದ ಹಸುವಿನ ಹಾಲನ್ನು ಡೈರಿಯ ಟ್ಯಾಂಕಿಗೆ ಸೇರಿಸುವಂತಿಲ್ಲ. ಬೇರೆ ಕ್ಯಾನಿಗೆ ಕರೆದು ಚರಂಡಿಗೆ ಸುರಿಯುತ್ತಾರೆ. ಅವಳು ಮೊದಲು ಬಂದ ವರ್ಷ ಅದನ್ನು ಕಂಡು ತಲೆ ಚಚ್ಚಿಕೊಂಡಿದ್ದಳು. “ಹಾಲ್ನ ಮೋರಿಗೆ ಸುರಿತೀಯಲ್ಲೋ ದೇವ, ಕೈ ಸೇದೋಗಕ್ಕಿಲ್ವ ನಿಂಗೆ?” ದಿನಾ ಅದೇ ರಗಳೆ. ಕೊನೆಗೆ ದೇವರಾಜು ಬೇಸತ್ತು, “ತಗೊಂಡೋಗು ಅವ್ವ, ಬೆಕ್ಕಿಗೆ ಹಾಕು. ನಾವು ಮಾತ್ರ ಕುಡಿಯೋ ಹಂಗಿಲ್ಲ,” ಎಂದು ಕ್ಯಾನನ್ನು ಅವಳ ಕೈಗೇ ಕೊಟ್ಟಿದ್ದ. ಆಮೇಲೆ ಅದು ರೂಢಿಯಾಗಿ ಹೋಯಿತು. ಕೊಟ್ಟಿಗೆಯಲ್ಲಿ ಅಷ್ಟು ಹಾಲು ಕುಡಿಯುವಷ್ಟು ಬೆಕ್ಕುಗಳಿವೆಯೇ ಎಂದು ಅವನು ಯೋಚಿಸಲಿಲ್ಲ.

*

ಲ್ಯಾಬಿನಿಂದ ಸುದ್ದಿ ಬಂತು. ಸತ್ತ ಎಲ್ಕ್ ಮರಿಗಳಲ್ಲಿದ್ದದ್ದು ಹಸುಗಳಿಗೆ ಬರುವ ಕರುಳಿನ ರೋಗವೇ; ಜಿಂಕೆ ಜಾತಿಯಲ್ಲಿ ಅದು ವರ್ಷಗಟ್ಟಲೆ ಕಾಯದೆ ಮರಿಗಳನ್ನೇ ಕೊಲ್ಲುತ್ತದೆ. ಕ್ಯಾರೊಲ್ ಡೈರಿಗೆ ಬಂದು ಮ್ಯಾನಿಯ ಜಗುಲಿಯಲ್ಲಿ ಕೂತು ಕಾಫಿ ಕುಡಿದಳು. ದೇವರಾಜು ನಿಂತೇ ಇದ್ದ.

“ಹಸುಗಳಿಂದ ಅವಕ್ಕೆ ಹೇಗೆ ಹೋಯಿತು ಅನ್ನೋದೇ ತಿಳಿಯುತ್ತಿಲ್ಲ,” ಎಂದಳು. “ನಡುವೆ ಎರಡು ಸಾಲು ಬೇಲಿ ಇದೆ.”

“ನೀರು?” ಎಂದ ಮ್ಯಾನಿ.

“ತೊರೆ ಅವುಗಳ ಕಡೆಯಿಂದ ನಿಮ್ಮ ಕಡೆಗೆ ಹರಿಯುತ್ತದೆ. ಕೆಳಗಿನ ನೀರು ಮೇಲಕ್ಕೆ ಹೋಗುವುದಿಲ್ಲ.”

“ಹಾಗಾದರೆ ನಮ್ಮದಲ್ಲ.”

“ನಿಮ್ಮದು ಅಂತ ನಾನು ಹೇಳುತ್ತಿಲ್ಲ, ಮ್ಯಾನಿ. ಬಹುಶಃ ಇಲ್ಲಿಗೆ ತರುವಾಗಲೇ ಇತ್ತೋ ಏನೋ.” ಅವಳು ಕಪ್ಪನ್ನು ಕೈಯಲ್ಲೇ ತಿರುಗಿಸಿದಳು. “ಎಲ್ಲಿಂದ ಹೊಕ್ಕಿತು ಅಂತ ಗೊತ್ತಾದರೆ ಆ ಗುಂಪೊಂದನ್ನೇ ತೆಗೆಯಬಹುದು. ಗೊತ್ತಾಗದಿದ್ದರೆ ಯಾವುದನ್ನೂ ನಂಬೋಹಾಗಿಲ್ಲ. ಬೇರೆ ಡೈರಿಗಳವರು ಆಗಲೇ ಗಲಾಟೆ ಶುರು ಮಾಡಿದ್ದಾರೆ, ಎಲ್ಲವನ್ನೂ ಹೊಡೆದುಬಿಡಿ ಅಂತ.”

ಅವಳ ಜೀಪು ಹೋದ ಮೇಲೆ ಮ್ಯಾನಿ ದೇವರಾಜುವಿನ ಬೆನ್ನು ತಟ್ಟಿದ. “ಕೇಳಿದೆಯಾ? ಕೆಳಗಿನ ನೀರು ಮೇಲಕ್ಕೆ ಹೋಗುವುದಿಲ್ಲ. ನಮಗೆ ಪರ್ಮಿಟ್ಟು ಸಿಕ್ಕಿತು ಅಂದುಕೋ.”

ದೇವರಾಜು ಆ ದಿನ ಪೇಟೆಗೆ ಹೋದವನು ಹೆಂಡತಿಗೊಂದು ಸ್ವೆಟರು ತಂದ. ವಸುಧಾ ಅದನ್ನು ಮೈಮೇಲೆ ಹಿಡಿದು ನೋಡಿ, ಎಷ್ಟೋ ತಿಂಗಳ ಮೇಲೆ ನಕ್ಕಳು. “ಬಣ್ಣ ನೋಡಿ ತರೋದು ಯಾವಾಗ ಕಲಿತೀರೋ,” ಎಂದಳು.

ಮುಂದಿನ ಶನಿವಾರ ಊರ್ಮಿಳಾ ಮನೆಗೆ ಬಂದಾಗ ಮಧ್ಯಾಹ್ನದ ಊಟ ನಡೆಯುತ್ತಿತ್ತು. ಪಿಕಪ್ಪಿನ ಹಿಂದಿನಿಂದ ಏನನ್ನೋ ಎಳೆದು ತಂದು ಅಡುಗೆಮನೆಯ ನೆಲದ ಮೇಲೆ ಹಾಕಿದಳು. ನೀಲಿ ಪ್ಲಾಸ್ಟಿಕ್ ಡ್ರಮ್ಮನ್ನು ಅರ್ಧಕ್ಕೆ ಕೊಯ್ದು ಮಾಡಿದ ಬಾನಿ. ಎರಡು ತೂತು ಕೊರೆದು ಹಗ್ಗದ ಹಿಡಿ ಕಟ್ಟಿತ್ತು. ತಳದಲ್ಲಿ ಒಣಗಿದ ಅನ್ನದ ಅಗುಳು, ಹಾಲಿನ ಬಿಳಿ ಕರೆ.

“ಅಯ್ಯೋ, ಎಲ್ಲಿತ್ತವ್ವ ಇದು?” ಜವರಮ್ಮನಿಗೆ ಖುಷಿಯಾಯಿತು. “ಎಲ್ಡು ದಿನದಿಂದ ಹುಡುಕ್ತಿವ್ನಿ.”

“ಅಜ್ಜಿ. ಇದು ಎಲ್ಕ್ ಬೇಲಿ ಒಳಗೆ ಯಾಕಿತ್ತು?”

“ಬೇಲಿ ಸಂದೀಲಿ ತಳ್ಳಿಕ್ಕಿ ಬತ್ತಿನಿ. ಕೆಳಗ್ಲು ಹಳ್ಳದ ಮೂಲೇಲಿ ತಂತಿ ಸಡ್ಲ ಅದೆ. ಅವು ಸಂಜೆ ಅಲ್ಲಿಗೆ ಬತ್ತವೆ. ಕುಡ್ದುಬುಟ್ಟು ಹೋಯ್ತವೆ.”

“ಎಷ್ಟು ದಿನದಿಂದ?” ದೇವರಾಜುವಿನ ಕೈ ಅನ್ನದಲ್ಲೇ ನಿಂತಿತ್ತು.

“ಬಂದ ಮೊದಲ್ನೇ ಬೇಸಿಗೆಯಿಂದ್ಲೂ. ಒಂದು ಬಸ್ರಿ ಕಡವೆ ನಾಲ್ಗೆ ಚಾಚ್ಕಂಡು ನಿಂತಿತ್ತು ಕಣ್ಲಾ. ನೋಡ್ಕಂಡು ಸುಮ್ನೆ ಬರಕಾಯ್ತದಾ?”

“ಕಲಗಚ್ಚಿಗೆ ಹಾಲು ಹಾಕ್ತಿದ್ದಾ?”

“ನೀನು ಕೊಟ್ಟ ಹಾಲೇ. ಬೆಕ್ಕು ಎಷ್ಟು ಕುಡಿದಾವು?”

ವಸುಧಾ ಎದ್ದು ಹೋಗಿ ಮುಂಬಾಗಿಲಿನ ಚಿಲಕ ಹಾಕಿ ಬಂದಳು.

“ಕ್ಯಾರೊಲ್ ನೋಡಿದ್ಲಾ?” ಎಂದು ಮಗಳನ್ನು ಕೇಳಿದಳು.

“ಇಲ್ಲ. ಐ ಹಿಡ್ ಇಟ್. ಪೊದೆ ಒಳಗೆ ತಳ್ಳಿ, ಆಮೇಲೆ ಒಬ್ಬಳೇ ಹೋಗಿ ತಂದೆ.” “ಬಟ್ ವಿ ಹ್ಯಾವ್ ಟು ಟೆಲ್ ಹರ್. ಹಳ್ಳದ ಗುಂಪು ಹನ್ನೆರಡೋ ಹದಿಮೂರೋ. ಮೇಲಿನವು ಅಲ್ಲಿಗೆ ಬರೋದೇ ಇಲ್ಲ. ಹೇಳಿದ್ರೆ ಅಷ್ಟನ್ನೇ ತೆಗೀತಾರೆ. ಹೇಳದಿದ್ರೆ ಎಲ್ಲಾನೂ ಶೂಟ್ ಮಾಡ್ತಾರೆ. ಆಲ್ ಆಫ್ ದೆಮ್, ಅಪ್ಪ.”

“ಹೇಳಿದ್ರೆ ನಮ್ಮನ್ನ ತೆಗೀತಾರೆ,” ಎಂದಳು ವಸುಧಾ.

“ಅಮ್ಮ!”

“ಏನಮ್ಮ? ಕಾಯಿಲೆ ಹಸು ಇತ್ತು, ಅದರ ಹಾಲು ಇವರು ಕೊಟ್ರು, ಇವರಮ್ಮ ಹೋಗಿ ಕುಡಿಸಿದ್ರು. ಇದನ್ನ ಕೇಳಿದ ಮೇಲೆ ಪರ್ಮಿಟ್ಟು ಕೊಡ್ತಾರಾ? ನಿಮ್ಮಪ್ಪನ್ನ ಇನ್ಯಾವ ಡೈರಿಯೋನು ಒಳಗೆ ಸೇರಿಸ್ತಾನೆ? ಜಿಂಕೆಗೆ ಅಳ್ತೀಯ. ನಾನು ಆ ಮುದುಕಿಯರ ಹಾಸಿಗೆ ಒಗೆದು ಒಗೆದು ಕೈ ಬಿರಿದಿದೆ, ಅದಕ್ಕೆ ಯಾವತ್ತಾದ್ರೂ ಅತ್ತಿದೀಯಾ?”

“ದಟ್ಸ್ ನಾಟ್ ದ ಸೇಮ್.”

“ಹೌದು, ಸೇಮ್ ಅಲ್ಲ. ಜಿಂಕೆಗೆ ಪಾರ್ಕಿದೆ.”

“ಸಾಕು,” ಎಂದ ದೇವರಾಜು. ತಟ್ಟೆ ಬಿಟ್ಟೆದ್ದು, ಬಾನಿಯನ್ನು ಎತ್ತಿಕೊಂಡು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಕೊಟ್ಟಿಗೆಯ ಹಿಂದಿನಿಂದ ಸುಟ್ಟ ಪ್ಲಾಸ್ಟಿಕ್ಕಿನ ಕಪ್ಪು ಹೊಗೆ ಎದ್ದಿತು.

ಜವರಮ್ಮ ಮೊಮ್ಮಗಳ ಪಕ್ಕ ಕೂತಳು. “ನಂಗೂ ತಿಳಿಯಂಗೆ ಹೇಳವ್ವ,” ಎಂದಳು. ಊರ್ಮಿಳಾ ತನಗೆ ಬರುವ ಕನ್ನಡದಲ್ಲಿ ಹೇಳಿದಳು: ಹಸು ಸಿಕ್, ಹಾಲು ಸಿಕ್, ಕಡವೆ ಮರಿ ಕುಡೀತು, ಸತ್ತಿತು. ಮುದುಕಿ ಎರಡು ಸಲ ಕೇಳಿಸಿಕೊಂಡಳು. ಆಮೇಲೆ ತನ್ನ ತಟ್ಟೆಯನ್ನು ಸರಿಸಿದಳು.

“ನನ್ ಕೈಯಾರ ಕೊಟ್ನಾ?”

“ನಿಮಗೆ ಗೊತ್ತಿರಲಿಲ್ವಲ್ಲ ಅತ್ತೆ,” ಎಂದಳು ವಸುಧಾ, ದನಿ ತಗ್ಗಿಸಿ.

“ಗೊತ್ತಿಲ್ದೆ ಮಾಡಿದ್ರೂ ತಪ್ಪು ತಪ್ಪೇ ಅಲ್ವಾ. ಊರ್ ಮುಂದೆ ನಿಂತು ಒಪ್ಕಬೇಕು. ದಂಡ ಹಾಕ್ತರೆ. ಕಟ್ಟಿದ್ರೆ ಮುಗೀತು. ಯಾರೂ ಮನೆ ಬುಡ್ಸಕ್ಕಿಲ್ಲ.”

“ಇದು ನಿಮ್ಮೂರ ನ್ಯಾಯದ ಕಟ್ಟೆಯಲ್ಲ.”

“ಜನ ಸೇರಿ ಮಾತಾಡ್ತರೆ ಅಂತಿದ್ರಲ್ಲ? ಅದೇ ಮತ್ತೆ.”

*

ಸಭೆ ನಡೆದದ್ದು ಊರ್ಮಿಳಾಳ ಹೈಸ್ಕೂಲಿನ ಜಿಮ್ಮಿನಲ್ಲಿ. ಮಡಿಚುವ ಕುರ್ಚಿಗಳು, ಒಂದು ಮೈಕು, ಉದ್ದ ಮೇಜಿನ ಹಿಂದೆ ಪಾರ್ಕಿನ ಐದು ಜನ. ವಸುಧಾಗೆ ಸಂಜೆ ಪಾಳಿಯಿತ್ತು. “ಅತ್ತೇನ ಕರ್ಕೊಂಡು ಹೋಗ್ಬೇಡಿ,” ಎಂದು ಹೇಳಿಯೇ ಹೋಗಿದ್ದಳು. ದೇವರಾಜು ಮ್ಯಾನಿಯ ಜೊತೆ ಮುಂದಿನ ಸಾಲಿನಲ್ಲಿ ಕೂತು ತಿರುಗಿ ನೋಡಿದಾಗ, ಹಿಂಬಾಗಿಲಿನಿಂದ ಊರ್ಮಿಳಾ ಅಜ್ಜಿಯ ಕೈ ಹಿಡಿದು ಬರುತ್ತಿದ್ದಳು. ಜವರಮ್ಮ ಹೊಸ ಸೀರೆ ಉಟ್ಟು, ಅದರ ಮೇಲೆ ಮಗನ ಹಳೆಯ ಜಾಕೆಟ್ಟು ಹಾಕಿದ್ದಳು.

ಕಾಡು ಉಳಿಸುವ ಸಂಘದ ಹೆಂಗಸೊಬ್ಬಳು ಎದ್ದು, ಪಾರ್ಕು ಇರುವುದು ಕಾಡುಪ್ರಾಣಿಗಳಿಗೆ, ಬೆಣ್ಣೆಗಲ್ಲ ಎಂದಳು. ಅರ್ಧ ಜನ ಚಪ್ಪಾಳೆ ತಟ್ಟಿದರು. ಮ್ಯಾನಿ ಮೊಣಕಾಲು ಹಿಡಿದುಕೊಂಡು ಎದ್ದು, ತನ್ನ ತಾತ, ತನ್ನ ಅಪ್ಪ, ಇಬ್ಬರ ಗೋರಿಯೂ ಇಲ್ಲೇ ಇದೆ ಎಂದ. ಉಳಿದರ್ಧ ಚಪ್ಪಾಳೆ ತಟ್ಟಿದರು. ಕ್ಯಾರೊಲ್ ಕಾಗದ ನೋಡಿಕೊಂಡು, ರೋಗದ ಮೂಲ ತಿಳಿದಿಲ್ಲ, ಈ ಡೈರಿಯಿಂದ ಬಂದಿದೆ ಎನ್ನಲು ಆಧಾರ ಸಿಕ್ಕಿಲ್ಲ ಎಂದಳು. ಹಾಗೆನ್ನುವಾಗ ಅವಳ ಮುಖ ಬಾಡಿತ್ತು.

“ಇನ್ನು ಯಾರಾದರೂ ಮಾತಾಡುವುದಿದೆಯೇ?” ಎಂದು ಮೇಜಿನ ನಡುವೆ ಕೂತ ಅಧಿಕಾರಿ ಕೇಳಿದ.

ಜವರಮ್ಮ ಎದ್ದಳು. ಯಾರೂ ಕರೆಯದೆ ಮೇಜಿನ ಮುಂದಕ್ಕೆ ನಡೆದು ಹೋದಳು. ಸೊಂಟದ ಚೀಲ ಬಿಚ್ಚಿ, ಬಟ್ಟೆಯಲ್ಲಿ ಸುತ್ತಿದ್ದ ಒಂದು ಅಡಿಕೆ, ಒಂದು ಡಾಲರಿನ ನೋಟು ಮೇಜಿನ ಮೇಲಿಟ್ಟು, ಕೈಮುಗಿದು ನಿಂತಳು. ಊರಿನಲ್ಲಿ ತಪ್ಪುಗಾಣಿಕೆ ಇಡುವುದು ಹೀಗೆ. ಬರ್ಕ್ಲಿಯ ಅಂಗಡಿಯಿಂದ ತಂದಿದ್ದ ಆ ಅಡಿಕೆಯನ್ನು ಮೂರು ವರ್ಷದಿಂದ ಜೋಪಾನ ಮಾಡಿದ್ದಳು.

“ಸ್ವಾಮಿ, ನಿಮ್ಮ ಕಡವೆಗೆ ಕಲಗಚ್ಚು ಇಟ್ಟೋಳು ನಾನೇ. ಸೀಕಿನ ಹಸಿನ ಹಾಲು ಹಾಕ್ದೆ. ಹಾಲು ಕೊಟ್ಟೋನು ನನ್ನ ಮಗ. ನಮ್ಗೆ ಯಾರ್ಗೂ ತಿಳೀನಿಲ್ಲ. ಹಳ್ಳದ ಮೂಲೇವು ಮಾತ್ರ ಕುಡ್ದವೆ. ಮಿಕ್ಕವು ಒಂದೂ ಬಂದಿಲ್ಲ, ನನ್ನ ಕಣ್ಣಾಣೆ. ದಂಡ ಏನಿದ್ರೂ ಹಾಕಿ. ನಮ್ಮೂರಲ್ಲಿ ಕಾಡು ಅಂದ್ಬುಟ್ಟು ನಮ್ಮನ್ನ ಎಬ್ಬಿಸಿದ್ರು, ಇಲ್ಲಿ ಎಬ್ಬಿಸ್ಬೇಡಿ.”

ಅಧಿಕಾರಿ ದೇವರಾಜುವಿನ ಕಡೆ ನೋಡಿದ. “ನಿಮ್ಮ ತಾಯಿ ಅಲ್ಲವೇ? ಏನು ಹೇಳಿದರು?”

ದೇವರಾಜು ಎದ್ದು ನಿಂತ. ಪಕ್ಕದಲ್ಲಿ ಮ್ಯಾನಿ ಅರ್ಥವಾಗದೆ ನಗುತ್ತಿದ್ದ. ಹಿಂದೆ ಊರ್ಮಿಳಾ ಕುರ್ಚಿಯ ತುದಿಯಲ್ಲಿ ಕೂತಿದ್ದಳು.

“ನಮ್ಮ ತಾಯಿಯ ಊರಿನಲ್ಲೂ ಹೀಗೆ ಪಾರ್ಕು ಮಾಡಿದರು,” ಎಂದ ಇಂಗ್ಲಿಷಿನಲ್ಲಿ. “ಅವರ ಮನೆ ಹೋಯಿತು. ಇಲ್ಲಿನ ಪ್ರಾಣಿಗಳು ಸಾಯುತ್ತಿರುವುದು ಅವರಿಗೆ ಬಹಳ ದುಃಖ. ಪ್ರಾಣಿಗಳಿಗೂ ನಮಗೂ ಇಬ್ಬರಿಗೂ ಜಾಗ ಕೊಡಿ ಎಂದು ಬೇಡುತ್ತಿದ್ದಾರೆ. ಇದು... ನಮ್ಮಲ್ಲಿ ದೊಡ್ಡವರ ಮುಂದೆ ಇಡುವ ಕಾಣಿಕೆ.”

ಮೊದಲು ಕಾಡಿನ ಸಂಘದ ಹೆಂಗಸೇ ಚಪ್ಪಾಳೆ ತಟ್ಟಿದಳು. ಆಮೇಲೆ ಎರಡೂ ಕಡೆಯವರು. ಕೆಲವರು ಎದ್ದು ನಿಂತರು. ದೇವರಾಜು ಕೂರುವ ಮೊದಲು ಮಗಳನ್ನು ನೋಡಿದ. ಊರ್ಮಿಳಾಳ ಬಾಯಿ ಅರ್ಧ ತೆರೆದಿತ್ತು. ಪಕ್ಕದ ಸಾಲಿನ ಹೆಂಗಸು ಅವಳ ಹೆಗಲು ಸವರಿ, “ನಿನ್ನ ಅಜ್ಜಿ ಎಷ್ಟು ಚೆಂದ,” ಎಂದಳು. ಊರ್ಮಿಳಾ ಬಾಯಿ ಮುಚ್ಚಿದಳು.

ಅಧಿಕಾರಿ ಎದ್ದು ಬಂದು ನೋಟನ್ನೂ ಅಡಿಕೆಯನ್ನೂ ಎರಡು ಕೈಯಲ್ಲಿ ಹಿಡಿದು ಜವರಮ್ಮನಿಗೆ ಹಿಂದಿರುಗಿಸಿದ.

ಮನೆಗೆ ಬರುವಾಗ ಪಿಕಪ್ಪಿನಲ್ಲಿ ಮಾತಾಡಿದವಳು ಅವಳೊಬ್ಬಳೇ. “ದಂಡಾನೂ ಬ್ಯಾಡ ಅಂದ್ರು ನೋಡು. ಎದ್ದು ನಿಂತು ಕೈ ತಟ್ಟಿದ್ರು. ಒಬ್ರಾದ್ರೂ ಒಂದು ಬಿರುಸು ಮಾತಾಡ್ಲಿಲ್ಲ. ಒಳ್ಳೇ ಜನ ಕಣ್ಲಾ ದೇವ. ನೀವು ಸುಮ್ನೆ ಹೆದರ್ಕಂಡಿದ್ರಿ.”

*

ಪರ್ಮಿಟ್ಟು ಐದು ವರ್ಷಕ್ಕೆ ಸಿಕ್ಕಿತು. ವಸುಧಾ ಪಾಯಸ ಮಾಡಿದಳು. ಊರ್ಮಿಳಾ ಊಟಕ್ಕೆ ಬರಲಿಲ್ಲ. ಶನಿವಾರದ ಎಣಿಕೆಗೆ ಹೋಗುವುದನ್ನೂ ಬಿಟ್ಟಳು.

“ಎಷ್ಟು ದಿನ ಹೀಗೆ ಮೂತಿ ಊದಿಸ್ಕೊಂಡಿರ್ತೀಯ?” ಎಂದು ವಸುಧಾ ಅವಳ ರೂಮಿನ ಬಾಗಿಲಲ್ಲಿ ನಿಂತು ಕೇಳಿದಳು. “ನೀನೇ ಹೇಳ್ಬಹುದಿತ್ತಲ್ಲ. ಮೈಕಿತ್ತು. ಯಾಕೆ ಹೇಳ್ಲಿಲ್ಲ?”

ಹುಡುಗಿ ಗೋಡೆಯ ಕಡೆ ತಿರುಗಿದಳು. “ಐ ಡೋಂಟ್ ನೋ.”

“ನಿಂಗೂ ಈ ರೂಮು ಬೇಕಿತ್ತು. ಅದಕ್ಕೆ,” ಎಂದಳು ವಸುಧಾ. ಹೇಳಿದ ಮೇಲೆ ಹೇಳಬಾರದಿತ್ತು ಅನ್ನಿಸಿರಬೇಕು. ಪಾಯಸದ ಬಟ್ಟಲನ್ನು ಅಲ್ಲೇ ಹಾಸಿಗೆಯ ಪಕ್ಕ ಇಟ್ಟು ಹೋದಳು. ಅದು ಹಾಗೇ ಕೆನೆಗಟ್ಟಿತು.

ನವೆಂಬರಿನ ಮೊದಲ ವಾರ ಆಚೆ ಗುಡ್ಡದಲ್ಲಿ ಗುಂಡಿನ ಸದ್ದು ಶುರುವಾಯಿತು. ಬೆಳಿಗ್ಗೆ ಮಂಜು ಕರಗಿದ ಮೇಲೆ ಒಂದಷ್ಟು, ಸಂಜೆ ಒಂದಷ್ಟು. ಪಟಾಕಿಯೇ ಎಂದು ಜವರಮ್ಮ ಕೇಳಿದಳು. ರಸ್ತೆ ಕೆಲಸ, ಬಂಡೆ ಒಡೀತಾರೆ ಎಂದಳು ವಸುಧಾ.

ಹೂಳುವುದಕ್ಕೆ ಪಾರ್ಕಿನವರಿಗೆ ಯಂತ್ರ ಬೇಕಿತ್ತು. ಹತ್ತಿರವಿದ್ದದ್ದು ಮ್ಯಾನಿಯ ಲೋಡರು. ಪರ್ಮಿಟ್ಟು ಕೊಟ್ಟವರಿಗೆ ಇಲ್ಲವೆನ್ನುವುದು ಹೇಗೆ? ದೇವರಾಜು ಎರಡು ದಿನ ಬೇಲಿಯಾಚೆ ಹೊಂಡ ತೋಡಿದ. ಮೂರನೆಯ ದಿನ ಮಧ್ಯಾಹ್ನ ಅವನು ಊಟಕ್ಕೆ ಬರಲಿಲ್ಲ. ಜವರಮ್ಮ ಮುದ್ದೆ, ಉಪ್ಸಾರು ಡಬ್ಬಿಗೆ ಹಾಕಿಕೊಂಡು, ಊರಿನಲ್ಲಿ ಉಳುವವನಿಗೆ ಬುತ್ತಿ ಒಯ್ಯುವಂತೆ, ತೆರೆದಿದ್ದ ಗೇಟು ದಾಟಿ ಲೋಡರಿನ ಸದ್ದು ಹಿಡಿದು ಗುಡ್ಡ ಹತ್ತಿದಳು. ಯಾರೂ ಅವಳನ್ನು ತಡೆಯಲಿಲ್ಲ.

ಹೊಂಡದ ಅಂಚಿನಲ್ಲಿ ನಿಂತು ಅವಳು ಕೆಳಗೆ ನೋಡಿದಳು. ಒಂದರ ಮೇಲೊಂದು ಬಿದ್ದಿದ್ದವು. ದೊಡ್ಡ ಕೊಂಬಿನವು, ಮರಿಗಳು, ಹೊಟ್ಟೆ ತುಂಬಿದವು. ಹೆಚ್ಚಿನವು ಮೈಕೈ ತುಂಬಿಕೊಂಡು ಚೆನ್ನಾಗಿದ್ದವು. ಅವು ಹಳ್ಳದ ಮೂಲೆಗೆ ಎಂದೂ ಬಂದವಲ್ಲ.

ದೇವರಾಜು ಇಂಜಿನ್ನು ನಿಲ್ಲಿಸಿ ಕೆಳಗಿಳಿದ. “ಅವ್ವ, ಇಲ್ಲಿಗ್ಯಾಕೆ ಬಂದೆ?”

“ದಂಡ ವಾಪಸ್ ಕೊಟ್ರಲ್ಲ,” ಎಂದಳು ಜವರಮ್ಮ. “ತಪ್ಪಿಲ್ಲ ಅಂದ್ರಲ್ಲ. ಹಳ್ಳದ ಮೂಲೇವು ಮಾತ್ರ ಅಂತ ಹೇಳುದ್ನಲ್ಲ. ಇವುಗಳ್ನ ಯಾಕ್ಲಾ ಕೊಂದ್ರು?”

ಅವನು ಕೈಗವಸು ಬಿಚ್ಚಿದ. ಮತ್ತೆ ಹಾಕಿಕೊಂಡ.

“ಅವತ್ತು ಏನಂದೆ ಅವ್ರಿಗೆ?”

“ನೀನು ಹೇಳಿದ್ದೇ ಹೇಳ್ದೆ ಅವ್ವ.”

ಅವಳು ಡಬ್ಬಿಯನ್ನು ಲೋಡರಿನ ಮೆಟ್ಟಿಲ ಮೇಲಿಟ್ಟು ಹಿಂದಿರುಗಿದಳು.

ಆ ಸಂಜೆ ಅವಳೇ ಹೋಗಿ ಊರ್ಮಿಳಾಳನ್ನು ರೂಮಿನಿಂದ ಎಬ್ಬಿಸಿ ಊಟಕ್ಕೆ ಕರೆತಂದಳು. ನಾಲ್ಕು ಜನ ಕೂತರು. ದೇವರಾಜುವಿನ ಉಗುರುಗಳಲ್ಲಿ ಇನ್ನೂ ಕೆಂಪು ಮಣ್ಣಿತ್ತು. ವಸುಧಾ ಬಡಿಸಿದಳು.

“ನಿಮ್ಮಪ್ಪ ಅವತ್ತು ಅವ್ರಿಗೆ ಏನಂದ?” ಎಂದು ಜವರಮ್ಮ ಮೊಮ್ಮಗಳನ್ನು ಕೇಳಿದಳು.

“ಅತ್ತೆ, ಊಟದ ಹೊತ್ತಲ್ಲಿ ಬೇಡ.”

“ನಿನ್ನ ಕೇಳ್ಲಿಲ್ಲ ಕಣವ್ವ.”

ಊರ್ಮಿಳಾ ತಟ್ಟೆಯನ್ನೇ ನೋಡುತ್ತ ಹೇಳಿದಳು. “ಅಜ್ಜಿ ಹೇಳಿದ್ದು ಹೇಳ್ಲಿಲ್ಲ. ನಿಮ್ಮ ಮನೆ ಹೋಯ್ತು ಅಂತ ಹೇಳಿದ್ರು. ಜಾಗ ಕೊಡಿ ಅಂತ. ಹಾಲು, ಕಲಗಚ್ಚು, ಹಳ್ಳ... ಅದೇನೂ ಹೇಳ್ಲಿಲ್ಲ.”

“ಹೇಳಿದ್ರೆ ಎಲ್ಲಿಗೆ ಹೋಗ್ತಿದ್ವಿ?” ದೇವರಾಜುವಿನ ದನಿ ಒಮ್ಮೆಲೇ ಏರಿತು. “ಹೇಳು ಅವ್ವ, ಎಲ್ಲಿಗೆ? ಊರಿಗಾ? ಊರೆಲ್ಲಿದೆ? ಇವಳ ಕಾಲೇಜಿಗೆ ಏನು ಮಾಡ್ತಿದ್ದೆ? ಎಪ್ಪತ್ತು ಜಿಂಕೆ ಇಟ್ಕೊಂಡು ನಾನೇನ್ ಮಾಡ್ಲಿ?”

“ಅಲ್ಲಿ ಆನೆಗೆ ಜಾಗ ಬೇಕು ಅಂತ ನಮ್ಮನ್ನ ಎಬ್ಬಿಸಿದ್ರು,” ಎಂದಳು ಜವರಮ್ಮ. “ಇಲ್ಲಿ ನಾವು ಕೂತ್ಕಳಕೆ...” ಒಂದು ಲೋಟ ನೀರು ಕುಡಿದಳು.

“ಮುದ್ದೆ ಆರುತ್ತೆ. ಎಲ್ಲಾರೂ ಊಟ ಮಾಡಿ,” ಎಂದಳು ವಸುಧಾ. ಯಾರೂ ಕೈಯಿಡಲಿಲ್ಲ.

ಜವರಮ್ಮ ಕುರ್ಚಿಯನ್ನು ಊರ್ಮಿಳಾಳ ಕಡೆಗೆ ಎಳೆದುಕೊಂಡಳು. “ಕಲಗಚ್ಚು ಇಟ್ಟೋಳು ನಾನೇ ಅಂತ ಅವ್ರ ಮಾತಲ್ಲಿ ಹೆಂಗನ್ನದು?”

“ಅತ್ತೆ, ಬೇಡ. ನಿಮ್ಮ ಕಾಲಿಗೆ ಬೀಳ್ತೀನಿ.”

“ಹೆಂಗನ್ನದವ್ವ?”

“ಐ ಫೆಡ್ ದೆಮ್,” ಎಂದಳು ಊರ್ಮಿಳಾ, ಮೆಲ್ಲಗೆ.

“ಐ ಪೆಡ್ಡು ದೆಮ್ಮು.” ಮುದುಕಿ ಇನ್ನೆರಡು ಸಲ ಹೇಳಿಕೊಂಡಳು, ನಾಲಿಗೆ ತಿರುಗಿತು. ದೇವರಾಜು ಮೇಜಿನಂಚನ್ನು ಹಿಡಿದು ಕೂತಿದ್ದ.

“ಇನ್ನ, ಹಾಲು ಕೊಟ್ಟೋನು ನನ್ನ ಮಗ ಅನ್ನದು?”

ಊರ್ಮಿಳಾ ಅಪ್ಪನ ಕಡೆ ನೋಡಲಿಲ್ಲ. ಹೇಳಿಕೊಟ್ಟಳು.